ಯಾವ ಊರಿನ ಬೆಲ್ಲ ಇದು

ರಸದ ಕಾರ್ಖಾನೆಗೆ ಕೆಲಸಕ್ಕೆ ಸೇರುವ ಹುಡುಗಿಯರು ಸಲಹೆ ಕೇಳಲು ಬಂದರೆ ನಾನು ಮೊದಲು ಅವರ ಉಗುರು ನೋಡುತ್ತೇನೆ. ಬಣ್ಣ ಹಚ್ಚಿಕೊಂಡು ಬಂದಿದ್ದರೆ ಒಳಗೊಳಗೇ ನಗು ಬರುತ್ತದೆ. ನೆಲ್ಲಿಕಾಯಿ ಹಂಗಾಮು ಶುರುವಾಗಿ ಎಂಟು ದಿನಕ್ಕೆ ಆ ಬಣ್ಣ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಉಗುರಿನ ಸಂದಿಯಲ್ಲಿ ಒಮ್ಮೆ ಕಪ್ಪು ಕೂತರೆ ಯುಗಾದಿಯವರೆಗೆ ಏಳುವುದಿಲ್ಲ. ನಿವೃತ್ತಿಯಾದ ಮೇಲೆ ನನ್ನ ಉಗುರು ಬೆಳ್ಳಗಾಗಿವೆ. ನೋಡಿದವರು ಚೆಂದ ಆಗಿವೆ ಎನ್ನುತ್ತಾರೆ, ನನಗೆ ಮಾತ್ರ ಬೇರೆ ಯಾರದೋ ಕೈ ನೋಡಿದಂತಾಗುತ್ತದೆ.

ನಾನು ಐಗಳಿಯವಳು, ಹೆಸರು ಸುಜಾತಾ. ಬಿ.ಎಸ್ಸಿ. ಮುಗಿಸಿ ಬಹಳ ವರ್ಷ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಹಂಗಾಮಿ ಕೆಲಸ ಮಾಡಿದೆ. ಕಬ್ಬು ಅರೆಯುವಾಗ ಕೆಲಸ, ಅರೆಯುವುದು ನಿಂತರೆ ಮನೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಅಥಣಿಯಿಂದ ಕಾಗವಾಡಕ್ಕೆ ಹೋಗುವ ದಾರಿಯಲ್ಲಿ, ಮಂಗಸೂಳಿಯಿಂದ ಸ್ವಲ್ಪ ದೂರಕ್ಕೆ, ಗಿಡಮೂಲಿಕೆ ಮತ್ತು ಹಣ್ಣಿನ ರಸ ತೆಗೆಯುವ ಸಣ್ಣ ಕಾರ್ಖಾನೆಯೊಂದು ಶುರುವಾಯಿತು. ಅಲ್ಲಿ ಗುಣಮಟ್ಟ ನೋಡುವ ಕೆಲಸಕ್ಕೆ ಸೇರಿಕೊಂಡೆ. ಮುಂದೆ ಎರಡು ಸಲ ಬಡ್ತಿ ಸಿಕ್ಕಿತು. ಅದನ್ನು ಬರೆದರೆ ಯಾರಿಗೂ ಉಪಯೋಗವಿಲ್ಲ.

ಮಾಲೀಕರಾದ ಅಣ್ಣಾಸಾಹೇಬರು ನಿಪ್ಪಾಣಿಯವರು. ಮನೆತನದ ತಂಬಾಕಿನ ವ್ಯಾಪಾರ ಬಿಟ್ಟು ಬಂದಿದ್ದರು. "ಇಷ್ಟ ವರ್ಷ ಮಂದಿ ಎದಿ ಸುಟ್ಟೀವಿ, ಇನ್ನ ಮ್ಯಾಲ ತಂಪ ಮಾಡೂಣು" ಎಂದು ಎಲ್ಲರೆದುರು ಹೇಳಿಕೊಳ್ಳುತ್ತಿದ್ದರು. ರಾಯಬಾಗದ ಕಡೆಯಿಂದ ಲೋಳೆಸರ ಬರುತ್ತಿತ್ತು, ಚಿಕ್ಕೋಡಿಯ ಕಡೆಯಿಂದ ತುಳಸಿ ಮತ್ತು ಅಮೃತಬಳ್ಳಿ. ನೆಲ್ಲಿಕಾಯಿ ಮಾತ್ರ ಸುತ್ತಲಿನ ಹಳ್ಳಿಗಳದೇ. ದಸ್ತಗೀರ ಎಂಬವನು ತನ್ನ ಟೆಂಪೋದಲ್ಲಿ ಹೊಲ ಹೊಲ ತಿರುಗಿ ತುಂಬಿಕೊಂಡು ಬರುತ್ತಿದ್ದ.

ಮೊದಲ ವರ್ಷವೇ ನಾನು ಮಾಡಿದ ಘನಕಾರ್ಯ ಹೇಳುತ್ತೇನೆ, ಕೇಳಿ. ರಸ ಕೂಡಿಹಾಕುವ ಸ್ಟೀಲಿನ ಪಾತ್ರೆಯ ತಳ ಸೋರುತ್ತಿತ್ತು. ಅಷ್ಟೊಂದು ರಸ ಹಾಳಾಗಬಾರದೆಂದು ಪಕ್ಕದ ಗಾಣದಿಂದ ಬೆಲ್ಲ ಕಾಸುವ ಕಬ್ಬಿಣದ ಕೊಪ್ಪರಿಗೆ ತರಿಸಿ ಅದರಲ್ಲಿ ಸುರಿಸಿದೆ. ಮರುದಿನ ಮುಂಜಾನೆ ಮುಚ್ಚಳ ತೆಗೆದರೆ ಇಡೀ ಕೊಪ್ಪರಿಗೆ ಕಪ್ಪು ಶಾಯಿ. ಅಣ್ಣಾಸಾಹೇಬರು ಬೈಯಲಿಲ್ಲ. "ಸುಜಾತಾಬಾಯಿ, ಇದನ್ನ ಸಾಲಿಗೆ ಕೊಟ್ಟ ಕಳಸ್ರಿ, ಹುಡುಗ್ರು ಬರಕೋಲಿ" ಎಂದರು. ಬೈದಿದ್ದರೇ ವಾಸಿಯಿತ್ತು. ನೆಲ್ಲಿಕಾಯಿಗೂ ಕಬ್ಬಿಣಕ್ಕೂ ಆಗಿಬರುವುದಿಲ್ಲ ಎಂಬುದನ್ನು ರಸಾಯನಶಾಸ್ತ್ರದಲ್ಲಿ ಓದಿದ್ದೆ, ಕೊಪ್ಪರಿಗೆಯ ಎದುರು ನಿಂತಾಗ ನೆನಪಾಗಲಿಲ್ಲ.

ಆ ಹೊತ್ತಿಗೆ ಕಾಯಿ ಆರಿಸುವ ಹೆಂಗಸರ ಸಾಲಿನಿಂದ ಒಂದು ದನಿ ಬಂತು. "ಕಬ್ಬಿಣದಾಗ ನೆಲ್ಲಿಕಾಯಿ ಹಾಕ್ತಾರೇನವಾ? ಕಾಲೇಜನ್ಯಾಗ ಇಷ್ಟೂ ಕಲಸಲಿಲ್ಲೇನ ನಿನಗ?"

ಅದು ಚಂಪಾಬಾಯಿ. ಎಲ್ಲರೂ ಆಯಿ ಎನ್ನುತ್ತಿದ್ದರು. ಆಗಲೇ ಅರವತ್ತು ದಾಟಿತ್ತು. ಎರಡು ಮೈಲಿ ದೂರದ ಹಳ್ಳಿಯ ಜೈನ ಒಕ್ಕಲು ಮನೆತನದ ಹಿರಿಯಳು. ದುಡಿದೇ ತಿನ್ನಬೇಕಾದ ಹೆಂಗಸಲ್ಲ. ತಮ್ಮ ಹೊಲದ ಬದುವಿನ ನೆಲ್ಲಿಕಾಯಿ ಟೆಂಪೋ ಹತ್ತಿದ ದಿನ ಅದು ಎಲ್ಲಿಗೆ ಹೋಗುತ್ತದೆ, ಅದನ್ನು ಏನು ಮಾಡುತ್ತಾರೆ ನೋಡೋಣವೆಂದು ತಾನೂ ಹತ್ತಿ ಬಂದಿದ್ದಳಂತೆ. ಬಂದವಳು ನಮ್ಮ ಹೆಂಗಸರು ಕಾಯಿ ಆರಿಸುವ ರೀತಿ ನೋಡಿ ತಡೆಯಲಾರದೆ ಕೂತು ತಾನೇ ಆರಿಸತೊಡಗಿದಳು. ಎಂಟು ಹಂಗಾಮು ಹಾಗೆಯೇ ಕೂತಳು.

ಬಂದ ವಾರದಲ್ಲೇ ಅಣ್ಣಾಸಾಹೇಬರ ಜೊತೆ ಜಗಳ ತೆಗೆದಳು. ಕಾರ್ಖಾನೆಯ ನಲ್ಲಿಗಳಿಗೆಲ್ಲ ಬಟ್ಟೆ ಕಟ್ಟಬೇಕು, ಸೋಸದ ನೀರು ರಸಕ್ಕೆ ಬೀಳಕೂಡದು. "ಫಿಲ್ಟರ್ ಮಷಿನ್ ಐತಿ ಆಯಿ" ಎಂದು ಅವರು ಹೇಳಿದರೆ, "ನಿಮ್ಮ ಮಷಿನ್ ಕಣ್ಣಿಗೆ ಕಾಣೂದಿಲ್ಲ, ಬಟ್ಟಿ ಕಾಣತೈತಿ" ಎಂದಳು. ಬಟ್ಟೆ ಕಟ್ಟಲಾಯಿತು. ಪರೀಕ್ಷೆಗೆ ಬಂದ ಅಧಿಕಾರಿಯೊಬ್ಬರು ಅದೇನೆಂದು ಕೇಳಿದಾಗ ಹೆಚ್ಚುವರಿ ಶೋಧನಾ ಹಂತ ಎಂದು ನಾನೇ ಬರೆದುಕೊಟ್ಟೆ.

ಆದರೆ ಆಯಿಯ ನಿಜವಾದ ಕೆಲಸ ಆರಿಸುವುದಲ್ಲ, ರುಚಿ ನೋಡುವುದು. ಬೆಲ್ಲದ ಪಾಕ ಸೇರಿಸಿ ಕಲಸಿದ ರಸವನ್ನು, ಕಾಸುವ ಮೊದಲು, ರಸ ಕೆಡದಂತೆ ಹಾಕುವ ಔಷಧ ಬೀಳುವ ಮೊದಲು, ಒಂದು ಬಟ್ಟಲು ಅವಳ ಮುಂದಿಡಬೇಕು. ಸೆರಗಿನಲ್ಲಿ ಗಂಟು ಹಾಕಿ ತಂದ ತನ್ನ ಬಿಳಿ ಬಟ್ಟೆಯಲ್ಲಿ ಮತ್ತೊಮ್ಮೆ ಸೋಸಿಕೊಂಡು ಒಂದು ಗುಟುಕು ಕುಡಿಯುತ್ತಿದ್ದಳು. ಆಮೇಲೆ ಸುಮ್ಮನೆ ಕೂರುತ್ತಿದ್ದಳು. ಆಮೇಲೆ ಮನೆಯಿಂದ ತಂದ ತಂಬಿಗೆಯ ನೀರು ಕುಡಿಯುತ್ತಿದ್ದಳು. ಅವಳ ತೀರ್ಪು ರಸದ ಮೇಲಲ್ಲ, ಆ ನೀರಿನ ಮೇಲೆ. ನೆಲ್ಲಿ ತಿಂದು ನೀರು ಕುಡಿದರೆ ಸಿಹಿಯಾಗುತ್ತದೆ, ಅದು ಎಲ್ಲರಿಗೂ ಗೊತ್ತು. ಎಷ್ಟು ಹೊತ್ತಿಗೆ ಸಿಹಿಯಾಯಿತು, ನಾಲಿಗೆಯ ತುದಿಯಲ್ಲೋ ಗಂಟಲಲ್ಲೋ ಎಂಬುದರಿಂದ ಆಯಿ ಕಾಯಿ ಯಾವಾಗ ಕಿತ್ತದ್ದು, ಎಷ್ಟು ದಿನ ರಾಶಿ ಬಿದ್ದಿತ್ತು ಎಲ್ಲ ಹೇಳುತ್ತಿದ್ದಳು. "ನೀರ ಸಿಹಿ ಆಗವಲ್ತು, ಇದು ಕಸುಗಾಯಿ ಕಿತ್ತಾರ" ಎಂದರೆ ದಸ್ತಗೀರ ತಲೆ ತಗ್ಗಿಸುತ್ತಿದ್ದ. ನನ್ನ ಉಪಕರಣ ಸಕ್ಕರೆಯ ಅಂಶ ಇಷ್ಟು ಎಂದು ತೋರಿಸುತ್ತಿತ್ತು, ಅಷ್ಟೇ.

ಈಗ ಒಂದು ಮಾತು ಮುಚ್ಚಿಡದೆ ಬರೆಯಬೇಕು. ನಮ್ಮದು ಬೌದ್ಧ ಮನೆತನ. ನನ್ನ ಅಜ್ಜನ ಕಾಲಕ್ಕೆ ನಾವು ಊರ ಹೊರಗಿನವರು. ಆಯಿ ಮೊದಲೆರಡು ವರ್ಷ ನನ್ನ ಕೈಯಿಂದ ಬಟ್ಟಲು ತೆಗೆದುಕೊಳ್ಳಲಿಲ್ಲ. ಕಟ್ಟೆಯ ಮೇಲೆ ಇಡಬೇಕು, ನಾನು ಸರಿದ ಮೇಲೆ ಅವಳು ಎತ್ತಿಕೊಳ್ಳಬೇಕು. ಬಾಯಿಬಿಟ್ಟು ಏನೂ ಹೇಳಿದವಳಲ್ಲ. ಹೇಳದಿದ್ದರೂ ನನಗೆ ಉರಿಯುತ್ತಿತ್ತು. ಬೇಕೆಂದೇ ಬಟ್ಟಲನ್ನು ಟಣ್ಣೆಂದು ಸದ್ದಾಗುವಂತೆ ಇಡುತ್ತಿದ್ದೆ.

ಮೂರನೆಯ ಹಂಗಾಮಿನಲ್ಲಿ ಒಂದು ದಿನ ಆಯಿಯ ಎರಡೂ ಕೈ ಮೊಣಕೈವರೆಗೆ ನೆಲ್ಲಿಯ ತಿರುಳಿನಲ್ಲಿ ಮುಳುಗಿದ್ದವು. ನಾನು ಬಟ್ಟಲು ಕಟ್ಟೆಯ ಮೇಲಿಟ್ಟೆ. ಅವಳು ಕೈ ನೋಡಿಕೊಂಡಳು, ಬಟ್ಟಲು ನೋಡಿದಳು, ನನ್ನನ್ನು ನೋಡಿದಳು. "ಕೈ ತುಂಬ ಐತಿ. ನೀನ ಕುಡಸ ಬಾ" ಎಂದು ಬಾಯಿ ತೆರೆದಳು. ತೊಳೆದುಕೊಳ್ಳಲು ನಲ್ಲಿ ನಾಲ್ಕು ಹೆಜ್ಜೆ ದೂರವಿತ್ತು. ನಾನು ಸೋಸಿ ಕುಡಿಸಿದೆ. ಅಂದಿನಿಂದ ಕೈ ಖಾಲಿ ಇದ್ದರೂ ಬಾಯಿ ತೆರೆಯುತ್ತಿದ್ದಳು. ನಲವತ್ತು ದಾಟಿದ ನನಗೆ ಮಗುವಿಗೆ ಉಣಿಸುವ ತಾಯಿಯ ಖುಷಿಯೋ, ತಾಯಿ ಸಿಕ್ಕ ಮಗುವಿನ ಖುಷಿಯೋ, ಏನೆಂದು ಹೇಳಲಿ. ಆ ಹೊತ್ತಿಗಾಗಿ ನಾನು ಬೆಳಿಗ್ಗೆ ಬಸ್ಸು ಹತ್ತುತ್ತಿದ್ದೆ.

ಆಯಿಯ ನೇಮಗಳನ್ನೆಲ್ಲ ಕಲಿತೆ. ನೆಲದೊಳಗೆ ಬೆಳೆಯುವುದು ಯಾವುದೂ ನಡೆಯದು. ಹಾಗಾಗಿ ಅಶ್ವಗಂಧದ ಪೇಯ, ಹಸಿ ಶುಂಠಿಯ ಪೇಯ ಅವಳ ಮುಂದೆ ಇಡುವಂತಿಲ್ಲ. ಒಣಶುಂಠಿಗೆ ಅಡ್ಡಿಯಿಲ್ಲ. ಅಷ್ಟಮಿ, ಚತುರ್ದಶಿಗೆ ಹಸಿರು ಮುಟ್ಟುವುದಿಲ್ಲ, ಅಂದು ರುಚಿ ನೋಡುವುದಿಲ್ಲ. ಹೊತ್ತು ಮುಳುಗಿದ ಮೇಲೆ ಏನೂ ಇಲ್ಲ. ನನ್ನ ಲ್ಯಾಬಿನ ಗೋಡೆಗೆ ತಿಥಿಯ ಕ್ಯಾಲೆಂಡರ್ ತೂಗುಹಾಕಿ ಗೆರೆ ಎಳೆದಿದ್ದೆ. ಹೊಸ ಪೇಯ ಬಂದಾಗಲೆಲ್ಲ ಅವಳು ಕೇಳುತ್ತಿದ್ದುದು ಒಂದೇ ಮಾತು. "ಇದು ನನಗ ನಡಿತೈತೇನ ಸುಜಾತಾ?" ನಾನು ನಡೆಯುತ್ತದೆ ಎಂದರೆ ಬಾಯಿ ತೆರೆಯುತ್ತಿದ್ದಳು. ಅವಳ ವ್ರತ ನನ್ನ ನಾಲಿಗೆಯ ಮೇಲೆ ನಿಂತಿತ್ತು. ನನಗೆ ಅದರ ಹೆಮ್ಮೆಯೂ ಇತ್ತು.

ಅಷ್ಟರಲ್ಲಿ ಕಾಲ ಬದಲಾಗಿತ್ತು. ಔಷಧಿ ಅಂಗಡಿಯಲ್ಲಿ ಮೂಲೆಗೆ ಕೂತಿದ್ದ ನೆಲ್ಲಿರಸ ಪಟ್ಟಣದ ದೊಡ್ಡ ಮಳಿಗೆಗಳ ತಂಪು ಕಪಾಟಿಗೆ ಏರಿತು. ಅಣ್ಣಾಸಾಹೇಬರು ಪುಣೆಯಿಂದ ದೇಶಮಾನೆ ಎಂಬ ಮ್ಯಾನೇಜರನ್ನು ತಂದರು. ಕೆಲಸದ ಮನುಷ್ಯ, ಸುಳ್ಳೇಕೆ ಹೇಳಲಿ. ಹಿಂಡುವ ಯಂತ್ರ, ಬಾಟಲಿ ತೊಳೆಯುವ ಯಂತ್ರ ಎಲ್ಲ ಅವನ ಕಾಲದಲ್ಲೇ ಬಂದದ್ದು. ಆದರೆ ನೆಲ್ಲಿರಸ ಎಂಬ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ, ವೆಲ್‌ನೆಸ್ ಡ್ರಿಂಕ್ ಎನ್ನುತ್ತಿದ್ದ. ಒಂದು ದಿನ ನನ್ನನ್ನು ಕರೆದು ಹೊಸ ಪೇಯದ ಯೋಜನೆ ಹೇಳಿದ. ನೆಲ್ಲಿ, ತುಳಸಿ, ಒಣಶುಂಠಿ. ಬೆಲ್ಲ ತೆಗೆದು ಅದರ ಬದಲು ಜೇನು. "ಲೇಬಲ್ ಛಾಪಿಸೂತನ ಜೇನಿನ ಸುದ್ದಿ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಮಂದಿ ಕಾಪಿ ಹೊಡಿತಾರ" ಎಂದು ತಾಕೀತು ಮಾಡಿದ.

ಆ ವರ್ಷ ದಸರೆಗೇ ಕಾಯಿ ಶುರುವಾಗಿತ್ತು. ಹೊಸ ರಸದ ಮೊದಲ ಬಟ್ಟಲು ಆಯಿಯ ಬಳಿಗೆ ಒಯ್ದೆ.

"ಇದು ನನಗ ನಡಿತೈತೇನ?"

ಬೇರಿಲ್ಲ, ಗಡ್ಡೆಯಿಲ್ಲ, ಶುಂಠಿ ಒಣಗಿದ್ದು, ತಿಥಿ ದಶಮಿ. ಎಲ್ಲ ಲೆಕ್ಕ ಹಾಕಿದೆ. "ನಡಿತೈತ್ರಿ ಆಯಿ" ಎಂದೆ. ಜೇನಿನ ಬಗ್ಗೆ ಯೋಚನೆಯೇ ಬರಲಿಲ್ಲ. ನಮ್ಮಲ್ಲಿ ಹುಟ್ಟಿದ ಮಗುವಿನ ನಾಲಿಗೆಗೆ ಮೊದಲು ಹಚ್ಚುವುದೇ ಜೇನು. ಅದರಷ್ಟು ಶುದ್ಧವಾದದ್ದು ನನಗೆ ಬೇರೆ ಗೊತ್ತಿರಲಿಲ್ಲ. ಎಂಟು ವರ್ಷದಲ್ಲಿ ನಮ್ಮ ಕಾರ್ಖಾನೆಗೆ ಒಂದು ತೊಟ್ಟು ಜೇನು ಬಂದಿರಲಿಲ್ಲ, ಹಾಗಾಗಿ ಆ ಮಾತೂ ನಮ್ಮ ನಡುವೆ ಬಂದಿರಲಿಲ್ಲ.

ಆಯಿ ಕುಡಿದಳು. ನೀರು ಕುಡಿಯುವುದನ್ನೂ ಮರೆತಳು. ಆಮೇಲೆ ಕಣ್ಣು ಅಗಲಿಸಿ ಕೇಳಿದಳು.

"ಭಾಳ ಛಲೋ ಐತಿ. ಈ ಸಿಹಿ ಬ್ಯಾರೇನ ಐತಿ. ಯಾವ ಊರಿನ ಬೆಲ್ಲ ಇದು?"

ಎಪ್ಪತ್ತರ ಹತ್ತಿರ ಬಂದ ಆ ನಾಲಿಗೆ, ಕಾಯಿ ಎಂದು ಕಿತ್ತದ್ದೆಂದು ಹೇಳುವ ನಾಲಿಗೆ, ಜೇನನ್ನು ಬೆಲ್ಲ ಎಂದಿತು. ನನಗೆ ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ದೇಶಮಾನೆಯ ತಾಕೀತು ನೆನಪಾಗಿ ತಮಾಷೆ ಮಾಡಿದೆ. "ಪುಣೆ ಬೆಲ್ಲ ಆಯಿ" ಎಂದೆ. "ಪುಣೇದವ್ರು ಬೆಲ್ಲ ಮಾಡೂದೂ ಕಲತ್ರ ಬಿಡು" ಎಂದು ನಕ್ಕು, ಇನ್ನೊಂದು ಗುಟುಕಿಗೆ ಬಾಯಿ ತೆರೆದಳು. ಅವಳು ಎರಡನೆಯ ಗುಟುಕು ಕೇಳಿದ್ದು ಅದೇ ಮೊದಲು.

ಹೀಗೆ ಹನ್ನೊಂದು ದಿನ ಕುಡಿಸಿದೆ.

ಲೇಬಲ್ ಛಾಪಿಸಿ ಬಂತು. ಮೊದಲ ಪೆಟ್ಟಿಗೆಗಳು ಅಥಣಿಯ ಒಂದು ಅಂಗಡಿಗೆ ಹೋದವು, ಮರುದಿನವೇ ತಿರುಗಿ ಬಂದವು. ತಂದ ದಸ್ತಗೀರ ಅಂಗಡಿಕಾರರ ಮಾತನ್ನು ನನ್ನ ಮುಂದಿಟ್ಟ. "ಜೇನ ಐತಂತ. ನಮ್ಮ ಜೈನ ಗಿರಾಕಿ ಯಾರೂ ಒಯ್ಯಾಂಗಿಲ್ಲ ಅಂದ್ರು ಬಾಯಾರ. ಅವರಿಗೆ ಜೇನು ಅಂದ್ರ ಮಾಂಸ ತಿಂದಂಗಂತ." ಆಯಿ ಹುಟ್ಟಿದಾಗಿನಿಂದ ಜೇನು ಮುಟ್ಟಿರಲಿಲ್ಲ. ಅದರ ರುಚಿ ಹೇಗೆಂದು ಅವಳಿಗೆ ತಿಳಿದಿರುವುದಾದರೂ ಹೇಗೆ?

ದೇಶಮಾನೆಗೆ ಹೇಳಿದೆ. ಅವನು ಕೆಟ್ಟದಾಗಿ ಮಾತಾಡಲಿಲ್ಲ. "ಬಾಯಿ, ಮುದುಕಿಗೆ ಗೊತ್ತಿಲ್ಲ. ಗೊತ್ತಿಲ್ದ ಆದದ್ದಕ್ಕ ಪಾಪ ಎಲ್ಲೀದು? ಹೇಳಿದ್ರ ಜೀವಕ್ಕ ಹಚ್ಕೋತಾಳ. ನಾಳಿಂದ ಕೊಡಬ್ಯಾಡ್ರಿ, ಮುಗೀತು." ಅದೂ ನಿಜವೆನಿಸಿತು. ಸುಮ್ಮನಿದ್ದರೆ ಎಲ್ಲ ಮೊದಲಿನಂತೆಯೇ ಇರುತ್ತಿತ್ತು. ಹಳೆಯ ರಸದ ಬಟ್ಟಲು ಒಯ್ಯಬಹುದಿತ್ತು, ಅವಳು ಬಾಯಿ ತೆರೆಯುತ್ತಿದ್ದಳು. ಆದರೆ ಮತ್ತೆ "ಇದು ನನಗ ನಡಿತೈತೇನ" ಎಂದು ಕೇಳಿದರೆ ಯಾವ ಮುಖ ಇಟ್ಟುಕೊಂಡು ಹೂಂ ಅನ್ನಲಿ?

ಮರುದಿನ ಬೆಳಿಗ್ಗೆ ಆಯಿ ಬುಟ್ಟಿಯ ಮುಂದೆ ಕೂರುವ ಮೊದಲೇ ಹೇಳಿದೆ. ಅವಳು ನಿಂತೇ ಕೇಳಿದಳು.

"ಎಷ್ಟ ದಿನ?"

"ಹನ್ನೊಂದ ದಿನ ಆಯಿ."

"ಜೇನು ಅಂತ ನಿನಗ ಗೊತ್ತಿತ್ತು."

"ಗೊತ್ತಿತ್ತ್ರಿ. ನಿಮಗ ನಡ್ಯಾಂಗಿಲ್ಲ ಅಂತ ಗೊತ್ತಿರಲಿಲ್ಲ."

"ಬೆಲ್ಲ ಅಂದಿ."

ಅವಳು ನಲ್ಲಿಯ ಬಳಿ ಹೋಗಿ ಬಾಯಿ ಮುಕ್ಕಳಿಸಿದಳು. ಎಷ್ಟು ಸಲ ಮುಕ್ಕಳಿಸಿದಳೆಂದರೆ ಆರಿಸುವ ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡಿದರು. ಹಿಂದಿನ ದಿನ ಕಟ್ಟೆಯ ಮೇಲೆ ಒಣಹಾಕಿ ಹೋಗಿದ್ದ ಬಿಳಿ ಬಟ್ಟೆಯನ್ನು ಮಡಚಿ ಸೆರಗಿಗೆ ಕಟ್ಟಿಕೊಂಡು, ನನ್ನ ಕಡೆ ತಿರುಗದೆ, ನಡೆದುಕೊಂಡೇ ಊರಿಗೆ ಹೋದಳು. ನಾನು ಹಿಂದೆ ಓಡಬೇಕಿತ್ತು. ನನ್ನ ಕೈಯಲ್ಲಿ ಬಟ್ಟಲು ಇತ್ತು, ಅದನ್ನು ಹಿಡಿದುಕೊಂಡೇ ನಿಂತಿದ್ದೆ.

ಅವರ ಊರಿನ ಬಸದಿಯಲ್ಲಿ ಆಗ ಚಾತುರ್ಮಾಸಕ್ಕೆ ಬಂದ ಮುನಿಗಳಿದ್ದರು. ಆಯಿ ಅವರ ಬಳಿ ಹೋಗಿ ಹೇಳಿಕೊಂಡು, ಪ್ರಾಯಶ್ಚಿತ್ತಕ್ಕೆ ಮೂರು ದಿನದ ಉಪವಾಸ ಹಿಡಿದಿದ್ದಾಳೆಂದು ದಸ್ತಗೀರನಿಂದ ತಿಳಿಯಿತು. ಬುಧವಾರ ಅವನೇ ಇನ್ನೊಂದು ಸುದ್ದಿ ತಂದ.

"ನಾಳಿಗಿ ಗುರುವಾರ ಮುಂಜಾನೆ ನಿಮಗ ಮನೀಗೆ ಬಾ ಅಂತ ಹೇಳ್ಯಾರ ಆಯಿ."

"ಯಾಕಂತ?"

"ಅದೇನ ಹೇಳಲಿಲ್ರಿ. ಬಾ ಅನ್ನು ಅಂದ್ರು, ಅಷ್ಟ."

ಬಾ ಎಂಬ ಆ ಮಾತು ನನಗೆ ಹೇಗೆ ಕೇಳಿಸಿತೆಂದು ಬೇರೆಯವರಿಗೆ ಹೇಳುವುದು ಕಷ್ಟ. ನಾನು ಚಿಕ್ಕವಳಿದ್ದಾಗ ನಮ್ಮಪ್ಪನಿಗೂ ಹೀಗೆ ಕರೆ ಬರುತ್ತಿತ್ತು. ದೊಡ್ಡ ಮನೆಯ ಅಂಗಳಕ್ಕೆ ಬಾ. ಯಾಕೆಂದು ಹೇಳುತ್ತಿರಲಿಲ್ಲ. ಹೋದರೆ ಹಿರಿಯರು ಕಟ್ಟೆಯ ಮೇಲೆ ಕೂತಿರುತ್ತಿದ್ದರು, ಅಪ್ಪ ತಲೆಯ ಪಟಗ ಬಿಚ್ಚಿ ಕಂಕುಳಲ್ಲಿ ಹಿಡಿದು ಕೆಳಗೆ ನಿಂತಿರುತ್ತಿದ್ದ. ಮನೆಗೆ ಬಂದ ಮೇಲೆ ಎರಡು ದಿನ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ನಾನು ಓದಿದ್ದು, ದುಡಿದದ್ದು, ಬಿಳಿ ಕೋಟು ಹಾಕಿದ್ದು ಎಲ್ಲ ಆ ಅಂಗಳದಲ್ಲಿ ನಿಲ್ಲಬಾರದೆಂದೇ. ಆಯಿಯ ಮಕ್ಕಳು, ಭಾವಮೈದುನರು, ಊರಿನ ನಾಲ್ಕು ಜನ ಕೂತಿರುತ್ತಾರೆ, ನಮ್ಮ ವ್ರತ ಕೆಡಿಸಿದವಳು ಇವಳೇ ಎಂದು ತೋರಿಸುತ್ತಾರೆ ಎಂದುಕೊಂಡೆ. ನಾನು ಹೋಗಲಿಲ್ಲ.

ಆಯಿ ಮತ್ತೆ ಕಾರ್ಖಾನೆಗೆ ಬರಲಿಲ್ಲ. ನಾನೂ ಆ ಊರಿನ ದಾರಿ ಹಿಡಿಯಲಿಲ್ಲ. ಜೇನಿನ ಪೇಯ ಚೆನ್ನಾಗಿ ಹೋಯಿತು, ದೇಶಮಾನೆ ಇನ್ನೂ ದೊಡ್ಡ ಕಂಪನಿಗೆ ಹೋದ, ನಲ್ಲಿಗಳ ಬಟ್ಟೆ ಹರಿದ ಮೇಲೆ ಯಾರೂ ಹೊಸದು ಕಟ್ಟಲಿಲ್ಲ. ರುಚಿ ನೋಡಲು ಐದು ಜನರ ಸಮಿತಿ ಆಯಿತು, ಅಂಕ ಕೊಡುವ ಹಾಳೆ ಬಂತು. ಆ ಐವರಲ್ಲಿ ಒಬ್ಬರೂ ಆಮೇಲೆ ನೀರು ಕುಡಿದು ನೋಡಲಿಲ್ಲ. ಹೇಳಿಕೊಡಬಹುದಿತ್ತು, ಹೇಳಿಕೊಡಲಿಲ್ಲ. ಮೂರು ವರ್ಷಕ್ಕೆ ಆಯಿ ತೀರಿಕೊಂಡಳೆಂದು ದಸ್ತಗೀರ ಹೇಳಿದಾಗಲೂ ಲ್ಯಾಬಿನ ಬಾಗಿಲು ಹಾಕಿಕೊಂಡು ಅತ್ತೆನೇ ಹೊರತು ಹೋಗಲಿಲ್ಲ.

ಹೋದದ್ದು ನಿವೃತ್ತಿಯಾದ ಮೇಲೆ. ಈಗ ನನ್ನನ್ನು ಯಾವ ಅಂಗಳದಲ್ಲಿ ನಿಲ್ಲಿಸಿದರೂ ಸರಿ, ಅವಳ ಮನೆ ಒಮ್ಮೆ ನೋಡಬೇಕೆನ್ನಿಸಿತ್ತು. ಆಯಿಯ ಸೊಸೆ ಶೋಭಾ ಬಾಗಿಲು ತೆಗೆದಳು. ಹೆಸರು ಹೇಳಿದೆ. ಅವಳು ಒಳಗೆ ಕರೆದು, ಕುರ್ಚಿ ಕೊಟ್ಟಳು.

"ಅವತ್ತ ಯಾಕ ಬರಲಿಲ್ರಿ ನೀವು?" ಎಂದಳು.

ಉತ್ತರಕ್ಕೆ ಕಾಯದೆ ಅವಳೇ ಹೇಳಿದಳು. "ಮೂರ ಉಪಾಸ ಮುಗಿದಿತ್ತು. ಪಾರಣಿ ಆಕಿ ಕೈಯಿಂದನ ಮಾಡ್ತೀನಿ ಅಂದಿದ್ರು. ಹಿತ್ತಲದ ನೆಲ್ಲಿಕಾಯಿ ನಾನ ಕಿತ್ತ ಇಟ್ಟಿದ್ದೆ. ನೀವು ಬಂದ ಜಜ್ಜಿ, ಸೋಸಿ, ಅವರ ಬಾಯಾಗ ಹಾಕಬೇಕು ಅಂತ. ಮಾವನೋರು ಬ್ಯಾಡ ಅಂದ್ರ, ತಪ್ಪ ಮಾಡಿದ್ದಕ್ಕಲ್ಲ, ತಪ್ಪ ತಾನ ಬಂದ ಒಪ್ಕೊಂಡಿದ್ದಕ್ಕ ಕರ್ಯಾಕತ್ತೀನಿ ಅಂದ್ರು. ಮಧ್ಯಾಹ್ನ ಆದ್ರೂ ಬಾಗಲಾ ನೋಡ್ಕೋತ ಕುಂತಿದ್ರು. ಆಮ್ಯಾಲ ಇವತ್ತೂ ಒಂದ ದಿನ ಹಿಂಗ ಇರ್ತೀನಿ, ನಾಳಿಗಿ ಬಂದಾಳು ಅಂತ ನಾಕನೇ ಉಪಾಸನೂ ಮಾಡಿದ್ರು. ಶುಕ್ರವಾರ ನಾನ ಕುಡಿಸಿದೆ."

"ಏನಾರ ಅಂದ್ರೇನವಾ ನನಗ?"

"ಏನೂ ಅನ್ಲಿಲ್ರಿ. ಹಂಗಾಮ ಐತಿ, ಆಕೀಗೆ ಕೆಲಸ ಭಾಳ ಇರತೈತಿ, ಬಿಟ್ಟ ಬರಾಕ ಆಗಿರಲಿಕ್ಕಿಲ್ಲ ಅಂದ್ರು."

ಆ ಗುರುವಾರ ನನಗೆ ಕೆಲಸವಿರಲಿಲ್ಲ. ಆಯಿಯ ಮನೆಯವರು ಕರೆಯಲು ಕಾರ್ಖಾನೆಗೇ ಬಂದುಬಿಟ್ಟಾರೆಂದು ಹೆದರಿ ರಜೆ ಹಾಕಿದ್ದೆ. ಅವಳು ಬಾಗಿಲು ನೋಡುತ್ತ ಕೂತಿದ್ದ ಅಷ್ಟೂ ಹೊತ್ತು ನಾನು ನಮ್ಮ ಮನೆಯ ಬಾಗಿಲಿಗೆ ಅಗಳಿ ಹಾಕಿಕೊಂಡು ಒಳಗೆ ಕೂತಿದ್ದೆ.